ಕುದುರೆಗೂ ನೆಲಕ್ಕೂ ನಡುವೆ

ನಮ್ಮ ಮನೆಯಲ್ಲಿ ನನಗೊಂದು ಕೆಟ್ಟ ಹೆಸರಿದೆ. ಜೊತೆಗೆ ಕೂರಿಸಿಕೊಂಡು ಸಿನಿಮಾ ನೋಡಲು ಯೋಗ್ಯನಲ್ಲದ ಮನುಷ್ಯ ಎಂದು. ಬಹರೈನಿನ ಜುಫೈರ್‌ನ ಈ ಹನ್ನೊಂದನೆಯ ಮಾಳಿಗೆಯ ಫ್ಲಾಟಿನಲ್ಲಿ ರಿಮೋಟ್ ಯಾವಾಗಲೂ ಮಗಳ ಕೈಯಲ್ಲಿರುತ್ತದೆ. ಬೆಲ್ ಆಯಿತೆಂದೋ ಹಾಲು ಉಕ್ಕಿತೆಂದೋ ಅವಳು ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗುತ್ತಾಳೆ. ಪರದೆಯ ಮೇಲೆ ಯಾರೋ ಒಬ್ಬ ಬಾಯಿ ತೆರೆದುಕೊಂಡು, ಒಂದು ಕಾಲು ಎತ್ತಿಕೊಂಡು ಹಾಗೆಯೇ ನಿಂತಿರುತ್ತಾನೆ. ಅವಳು ತಿರುಗಿ ಬರುವಷ್ಟರಲ್ಲಿ ನಾನು ಅದನ್ನು ಮತ್ತೆ ಚಾಲೂ ಮಾಡಿರುತ್ತೇನೆ, ಇಲ್ಲವೇ ಟಿವಿಯನ್ನೇ ಆರಿಸಿ ಪೇಪರ್ ಹಿಡಿದು ಕೂತಿರುತ್ತೇನೆ.

"ಅಪ್ಪಾ, ಇಟ್ಸ್ ಜಸ್ಟ್ ಪಾಜ್. ಅದು ಎಲ್ಲಿಗೂ ಹೋಗುದಿಲ್ಲ" ಎನ್ನುತ್ತಾಳೆ. ಹೆಂಡತಿ ಒಳಗಿನಿಂದಲೇ, ಇವರಿಗೆ ವಯಸ್ಸಾಯಿತು, ಬಿಡು ಎನ್ನುತ್ತಾಳೆ. ನಾನೂ ವಯಸ್ಸಿನ ಮೇಲೆಯೇ ಹಾಕಿ ಸುಮ್ಮನಾಗುತ್ತೇನೆ. ಈಗಿನ ಚಿತ್ರಗಳನ್ನು ಎಷ್ಟು ಹೊತ್ತು ನಿಲ್ಲಿಸಿಟ್ಟರೂ ಸವೆಯುವುದಿಲ್ಲವಂತೆ. ಇರಬಹುದು. ಆದರೆ ನಾನು ಒಬ್ಬ ಮನುಷ್ಯನನ್ನು, ಒಬ್ಬ ಕುದುರೆ ಸವಾರನನ್ನು, ಹಾಗೆ ನಿಲ್ಲಿಸಿ ನಿಲ್ಲಿಸಿ ಸವೆಸಿ ಮುಗಿಸಿದವನು. ಆ ಗುಂಡಿಯ ಮೇಲೆ ನನ್ನ ಹೆಬ್ಬೆರಳು ಇನ್ನೂ ಧೈರ್ಯವಾಗಿ ಕೂರುವುದಿಲ್ಲ.

ಹೇಳಬೇಕೆಂದರೆ ನನ್ನ ಮತ್ತು ಕುದುರೆ ಸವಾರರ ಸಂಬಂಧ ಹಳೆಯದು. ಹುಟ್ಟಿದ್ದು ಮುಲ್ಕಿಯ ಹತ್ತಿರದ ಕಡಲತಡಿಯಲ್ಲಿ. ಅಲ್ಲಿ ಕುದುರೆ ಎಂದರೆ ಕ್ಯಾಲೆಂಡರಿನಲ್ಲಿ ಮಾತ್ರ. ಒಂದು ಭಾನುವಾರ ನನ್ನ ಸೋದರಮಾವ ಮಂಗಳೂರಿಗೆ ಕರೆದುಕೊಂಡು ಹೋಗಿ ಬೆಳಗಿನ ಆಟದ ಇಂಗ್ಲಿಷ್ ಸಿನಿಮಾ ತೋರಿಸಿದ. ಅಗಲ ಅಂಚಿನ ಹ್ಯಾಟು, ಸೊಂಟದಲ್ಲಿ ಪಿಸ್ತೂಲು, ಧೂಳು, ಮತ್ತೆ ಧೂಳು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಾವನಿಗೂ ಬರುತ್ತಿರಲಿಲ್ಲ ಎಂದು ಗೊತ್ತಾದದ್ದು ನಾನು ಕಾಲೇಜಿಗೆ ಹೋದ ಮೇಲೆ. ಆದರೂ ಅವನು ಕಿವಿಯಲ್ಲಿ ತುಳುವಿನಲ್ಲಿ ಕಥೆ ಹೇಳುತ್ತಲೇ ಇದ್ದ. ಅವನ ಪ್ರಕಾರ ಅವರೆಲ್ಲ ಜಾಗದ ತಕರಾರಿನ ಮೇಲೆ ಹೊಡೆದಾಡುತ್ತಿದ್ದ ದಾಯಾದಿಗಳು. ನಾನು ನಂಬಿದೆ.

ಮನೆಗೆ ಬಂದು ಅಕ್ಕಿ ತೊಳೆಯುವ ಬುಟ್ಟಿಯನ್ನು ತಲೆಗೆ ಕವುಚಿಕೊಂಡೆ. ಹಿತ್ತಲಿನಲ್ಲಿ ಕಡಲ ಕಡೆಗೆ ಬಾಗಿ, ಸ್ವಲ್ಪ ದೂರ ನೆಲಕ್ಕೆ ಅಡ್ಡವಾಗಿಯೇ ಬೆಳೆದ ತೆಂಗಿನ ಮರವೊಂದಿತ್ತು. ಅದೇ ಕುದುರೆ. ನಾಲ್ಕನೆಯ ದಿನ ಕುದುರೆಯಿಂದ ಬಿದ್ದೆ. ಎಡ ಮೊಣಕೈ ಮುರಿಯಿತು. ಇವತ್ತಿಗೂ ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ, ಹಾಗಾಗಿ ದೂರದಿಂದ ನೋಡಿದವರಿಗೆ ನಾನು ಯಾವಾಗಲೂ ಏನನ್ನೋ ಬಚ್ಚಿಟ್ಟುಕೊಂಡು ಹೋಗುವವನಂತೆ ಕಾಣುತ್ತೇನೆ. ಅಮ್ಮ ಆವತ್ತು ಬೈಯಲಿಲ್ಲ, ಅಳಲೂ ಇಲ್ಲ. ವಾರದೊಳಗೆ ಆಳು ಕರೆಸಿ ಆ ಮರ ಕಡಿಸಿದಳು. ಆಮೇಲೆ ಇದ್ದಷ್ಟು ಕಾಲವೂ ಬಿದ್ದ ತೆಂಗಿನ ಮಡಲು ಹೆಕ್ಕಲು ಕೂಡ ಆ ಮೂಲೆಗೆ ಹೋಗಲಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಇನ್ನೊಬ್ಬ ತಾಯಿಯ ವಿಷಯ ಮುಂದೆ ಬರುತ್ತದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಆಗ ಜುಫೈರ್‌ನಲ್ಲಿ ಇಷ್ಟು ಕಟ್ಟಡಗಳಿರಲಿಲ್ಲ, ನನಗೆ ಸಂಸಾರವೂ ಇರಲಿಲ್ಲ. ಮನಾಮದ ಹಳೆಯ ಓಣಿಯೊಂದರಲ್ಲಿ ಮೂವರು ಗಂಡಸರು ಒಂದು ಫ್ಲಾಟಿನಲ್ಲಿದ್ದೆವು. ನಾನು ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿದ್ದ ಒಂದು ಕಂತ್ರಾಟು ಕಂಪೆನಿಯ ಕಚೇರಿಯಲ್ಲಿ ವೀಸಾ, ಗುರುತಿನ ಚೀಟಿ, ರಜೆಯ ಅರ್ಜಿಗಳನ್ನು ನೋಡಿಕೊಳ್ಳುವವನು. ಎರಡನೆಯವರು ಕಿನ್ನಿಗೋಳಿಯ ವಾಸಣ್ಣ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ತಂಪು ಆಹಾರದ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಮೂರನೆಯವನು ದಾವಣಗೆರೆಯ ಮಂಜುನಾಥ, ಡ್ರಾಫ್ಟ್ಸ್‌ಮನ್.

ಮಂಜುನಾಥನ ಹತ್ತಿರ ಒಂದು ವಿಸಿಆರ್ ಇತ್ತು. ಮದುವೆಗೆ ಊರಿಗೆ ಹೋಗುವಾಗ ಒಯ್ಯಲೆಂದು ಕೊಂಡದ್ದು. ಯಾವ ದೇಶದ ಕ್ಯಾಸೆಟ್ ಹಾಕಿದರೂ ಓಡುವ ಮಲ್ಟಿ ಸಿಸ್ಟಮ್. ಪ್ರತಿ ಶುಕ್ರವಾರ ಅದನ್ನು ಪೆಟ್ಟಿಗೆಯಿಂದ ತೆಗೆದು, ನೋಡಿ ಮುಗಿದ ಮೇಲೆ ಒರೆಸಿ, ಥರ್ಮೋಕೋಲ್ ಸಮೇತ ಮತ್ತೆ ಪೆಟ್ಟಿಗೆಗೆ ಇಡುತ್ತಿದ್ದ. ಹೊಸದಾಗಿಯೇ ಊರು ಮುಟ್ಟಬೇಕು ಎಂಬುದು ಅವನ ಆಸೆ. ಮದುವೆ ಮಾತ್ರ ಮುಂದೆ ಹೋಗುತ್ತಲೇ ಇತ್ತು, ಹಾಗಾಗಿ ನಮಗೆ ಅನುಕೂಲವಾಗಿತ್ತು.

ಆ ವಿಸಿಆರ್ ನಮ್ಮಲ್ಲಿಗೆ ಮಿಸ್ಟರ್ ಚೋ ಅವರನ್ನು ತಂದಿತು. ಸಲ್ಮಾಬಾದ್‌ನಲ್ಲಿದ್ದ ನಮ್ಮ ಕಂಪೆನಿಯ ವರ್ಕ್‌ಶಾಪಿನಲ್ಲಿ ಅವರು ಕ್ರೇನ್ ಮೆಕ್ಯಾನಿಕ್. ಯಾವುದೋ ಕಾಲದಲ್ಲಿ ಅವರ ದೇಶ ಕೊರಿಯಾದ ಕಂಪೆನಿಯೊಂದು ಇಲ್ಲಿಗೆ ಬಂದು, ಕಟ್ಟುವುದನ್ನು ಕಟ್ಟಿ ಹೊರಟುಹೋದಾಗ ಇವರು ಉಳಿದುಕೊಂಡಿದ್ದರು. ಹಮದ್ ಟೌನಿನ ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಅವರ ಭಾಷೆಯಲ್ಲಿ ಮಾತಾಡುವವರು ಇಡೀ ವರ್ಕ್‌ಶಾಪಿನಲ್ಲಿ ಒಬ್ಬರೂ ಇರಲಿಲ್ಲ. ಕಾಗದಗಳಿಗೆ ಸಹಿ ಮಾಡಿದ ಮೇಲೆ ಜೇಬಿನಿಂದ ಬೆರಳುದ್ದದ ಒಂದು ಮುದ್ರೆ ತೆಗೆದು ಪಕ್ಕದಲ್ಲಿ ಕೆಂಪಗೆ ಒತ್ತುತ್ತಿದ್ದರು. ಅದು ಬೇಡ, ಯಾರೂ ಕೇಳುವುದಿಲ್ಲ ಎಂದು ನಾನು ಹೇಳಿದರೂ ಒತ್ತುತ್ತಿದ್ದರು.

ಒಂದು ದಿನ ನನ್ನ ಮೇಜಿನ ಮುಂದೆ ನಿಂತು, ನಿಮ್ಮ ಮನೆಯ ವಿಡಿಯೋ ಎಲ್ಲ ಸಿಸ್ಟಮ್ ಓಡುತ್ತದಂತೆ, ಹೌದೇ ಎಂದು ಕೇಳಿದರು. ಮುಂದಿನ ಶುಕ್ರವಾರ ಊಟದ ಹೊತ್ತು ಕಳೆದ ಮೇಲೆ ಅವರ ಹಳೆಯ ಪಿಕಪ್ ನಮ್ಮ ಓಣಿಗೆ ಬಂತು. ಒಂದು ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್. ಬಾಗಿಲಿನಲ್ಲಿ ಬೂಟು ಬಿಚ್ಚಿ, ಅದರ ಮೂತಿಯನ್ನು ಹೊರಗಡೆಗೆ ತಿರುಗಿಸಿ ಇಟ್ಟು ಒಳಗೆ ಬಂದರು.

ಅವರ ದೇಶದ ಟಿವಿಯಲ್ಲಿ ಬಂದಾಗ ಯಾರೋ ಸ್ನೇಹಿತರು ಇಳಿಸಿಕೊಂಡು ಕಳಿಸಿದ ಹಳೆಯ ಸಿನಿಮಾ ಅದು. ಬಣ್ಣಗಳೆಲ್ಲ ಕೆಂಪಿಗೆ ತಿರುಗಿದ್ದವು. ಶುರುವಾದ ಎರಡು ನಿಮಿಷಕ್ಕೆ ವಾಸಣ್ಣ ಎದ್ದು ಕೂತರು. ಅದೇ ಹ್ಯಾಟು, ಅದೇ ಪಿಸ್ತೂಲು, ಅದೇ ಧೂಳು. ಆದರೆ ಹ್ಯಾಟಿನ ಕೆಳಗೆ ಚೋ ಅವರಂಥ ಮುಖಗಳು. ಬಯಲಿನ ಕೊನೆಯಲ್ಲಿ ಹಿಮ. ಒಂದು ಪೆಟ್ಟಿಗೆಗಾಗಿ ಮೂರು ಗುಂಪುಗಳು ಒಂದನ್ನೊಂದು ಅಟ್ಟಿಕೊಂಡು ಹೋಗುತ್ತಿದ್ದವು. ಪೆಟ್ಟಿಗೆಯೊಳಗೆ ಏನಿತ್ತೆಂದು ಕೊನೆಯವರೆಗೂ ನಮಗೆ ತಿಳಿಯಲಿಲ್ಲ. ಯಾರದೋ ಹ್ಯಾಟನ್ನು ಯಾರೋ ಹಾಕಿಕೊಂಡು, ಅದು ತಮ್ಮದೇ ಎಂಬಂತೆ ಗತ್ತಿನಲ್ಲಿ ನಡೆಯುತ್ತಿದ್ದರು. ಅಕ್ಕಿ ಬುಟ್ಟಿ ಹೊತ್ತವನಿಗೆ ಅದನ್ನು ನೋಡಿ ನಗುವ ಅಧಿಕಾರವಿರಲಿಲ್ಲ. ಆದರೂ ನಕ್ಕೆ. ಇದು ನಿಮ್ಮ ದೇಶಕ್ಕೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಚೋ, ಅಮೆರಿಕದ ಸೈನಿಕರು ಬಂದರು, ಅವರ ಸಿನಿಮಾ ಬಂತು, ನಾವು ಮಕ್ಕಳೆಲ್ಲ ಕಾಗದದ ಹ್ಯಾಟು ಮಾಡಿಕೊಂಡೆವು ಎಂದರು. ಅವರ ಅಣ್ಣ ಎಲ್ಲರಿಗಿಂತ ದೊಡ್ಡ ಹ್ಯಾಟು ಮಾಡಿಕೊಂಡಿದ್ದನಂತೆ. ನಾನು ಆ ಮಾತನ್ನು ಅಷ್ಟಕ್ಕೇ ಕೇಳಿ ಬಿಟ್ಟೆ.

ಭಾಷೆ ಬಾರದೆ ಸಿನಿಮಾ ನೋಡುವುದು ಎಷ್ಟು ಹೊತ್ತು? ಅರ್ಧ ಗಂಟೆಗೆ ಮಂಜುನಾಥ ಆಕಳಿಸಿದ. ಆಗ ವಾಸಣ್ಣನಿಗೆ ಉಮೇದು ಬಂತು. ಅವರು ಊರಿನಲ್ಲಿ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ ಹಾಡಿದರೆ ಅದಕ್ಕೆ ಕೂತಲ್ಲೇ ಅರ್ಧ ಗಂಟೆ ಅರ್ಥ ಹೇಳುವ ಜನ. ಬಹರೈನಿಗೆ ಬಂದ ಮೇಲೆ ಕೋಳಿಮಾಂಸದ ಪೆಟ್ಟಿಗೆಗಳ ನಡುವೆ ಅವರ ಮಾತೆಲ್ಲ ಒಳಗೇ ಉಳಿದುಹೋಗಿತ್ತು. "ಇದಕ್ಕೆ ಅರ್ಥ ನಾನು ಹೇಳ್ತೇನೆ ಮಾರಾಯ. ಪದ ಅವರದ್ದು, ಅರ್ಥ ನಮ್ಮದು" ಎಂದು ಶುರು ಮಾಡಿದರು. ಹೀರೋ ಧೀರೋದಾತ್ತ ರಾಜಕುಮಾರನಾದ. ಒಕ್ಕಣ್ಣಿನ ಮುದುಕ ಮಂತ್ರಿಯಾದ. ಮಂಜುನಾಥ ಹೊಟ್ಟೆ ಹಿಡಿದುಕೊಂಡು ನಕ್ಕು, "ಮಸ್ತ್ ಐತ್ರೀ ಇದು, ಮುಂದ ಹೇಳ್ರೀ" ಎಂದ.

ಸಿನಿಮಾದ ನಡುವಿನಲ್ಲಿ ಒಬ್ಬ ಬರುತ್ತಾನೆ. ಕಪ್ಪು ಅಂಗಿ, ದೊಡ್ಡ ಹ್ಯಾಟು, ಕಳ್ಳರ ಗುಂಪಿನಲ್ಲಿ ಮೂರನೆಯವನು. ಒಂದೂ ಮಾತಿಲ್ಲ. ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಬರುತ್ತಾನೆ, ಹೀರೋ ಗುಂಡು ಹಾರಿಸುತ್ತಾನೆ, ಇವನು ಎರಡು ಕೈಯನ್ನೂ ಮೇಲೆತ್ತಿ, ಹಿಂದಕ್ಕೆ ಬಾಗಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬೀಳುತ್ತಾನೆ. ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ಅವನಿಗೆ ವಾಸಣ್ಣ ಹಾಸ್ಯದ ಪಾತ್ರ ಕೊಟ್ಟು, ಪುಕ್ಕಲ ಸೇನಾಪತಿ ಎಂದು ಹೆಸರಿಟ್ಟರು.

ಅವನು ಚೋ ಅವರ ಅಣ್ಣ. ನಮಗೆ ಗೊತ್ತಾದದ್ದು ಬಹಳ ತಡವಾಗಿ, ಆದರೆ ನಿಮಗೆ ಈಗಲೇ ಹೇಳಿಬಿಡುತ್ತೇನೆ. ಇದನ್ನು ಗುಟ್ಟಾಗಿಟ್ಟು ಕೊನೆಯಲ್ಲಿ ಬಿಚ್ಚುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಮುಂದಿನದನ್ನೆಲ್ಲ ನೀವು ಅದನ್ನು ತಿಳಿದೇ ಓದಬೇಕು.

ಇಪ್ಪತ್ತು ಸೆಕೆಂಡಿನಲ್ಲಿ ಅರ್ಥಧಾರಿಗೆ ಗಂಟಲು ಸರಿಮಾಡಿಕೊಳ್ಳಲೂ ಸಾಕಾಗುವುದಿಲ್ಲ. "ನಿಲ್ಲಿಸು ಮಾರಾಯ, ಅಲ್ಲೇ ನಿಲ್ಲಿಸು" ಎಂದರು ವಾಸಣ್ಣ. ರಿಮೋಟ್ ನನ್ನ ಕೈಯಲ್ಲಿತ್ತು. ನಿಲ್ಲಿಸಿದೆ. ಆ ಮನುಷ್ಯ ಕುದುರೆಗೂ ನೆಲಕ್ಕೂ ನಡುವೆ, ಕೈ ಮೇಲೆತ್ತಿಕೊಂಡು, ಸಣ್ಣಗೆ ನಡುಗುತ್ತ ನಿಂತ. ವಾಸಣ್ಣ ಅವನ ಬಾಯಿಂದ ಮಾತಾಡಿದರು. ಎಲಾ ಕುದುರೆಯೇ, ನಿನಗೆ ಹುರುಳಿ ಬೇಯಿಸಿ ಹಾಕಿದ್ದು ಇದಕ್ಕೋ ಎಂದರು. ಎಲೈ ಭೂಮಿಯೇ, ಸ್ವಲ್ಪ ತಡೆ, ನನ್ನ ಮಾತು ಮುಗಿದಿಲ್ಲ, ಮುಗಿದ ಮೇಲೆ ನಾನೇ ಬಂದು ಬೀಳುತ್ತೇನೆ ಎಂದರು. ಐದು ನಿಮಿಷ ಕಳೆದರೆ ಆ ಮೆಶಿನ್ ತಾನಾಗಿಯೇ ನಿಂತುಬಿಡುತ್ತಿತ್ತು. ಆಗ ನಾನು ಹಿಂದಕ್ಕೆ ಓಡಿಸಿ, ಅವನನ್ನು ಮತ್ತೆ ಕುದುರೆ ಹತ್ತಿಸಿ, ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆ. ಸರಿಯಾಗಿ ಅದೇ ಜಾಗದಲ್ಲಿ ನಿಲ್ಲಿಸುವುದರಲ್ಲಿ ನನಗೆ ಒಂದು ಕೈಗುಣ ಬಂದಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು.

ಚೋ ನೆಲದ ಮೇಲೆ ಕಾಲು ಮಡಚಿ, ಮಂಡಿಯ ಮೇಲೆ ಕೈ ಇಟ್ಟು ಕೂತಿರುತ್ತಿದ್ದರು. ನಾವು ನಕ್ಕಾಗ ಅವರೂ ನಗುತ್ತಿದ್ದರು. ಕೊನೆಗೆ ಸೇನಾಪತಿ ಬಿದ್ದ ಮೇಲೆ ಒಂದು ಬೆರಳು ಎತ್ತಿ, ಒನ್ಸ್ ಮೋರ್ ಎನ್ನುತ್ತಿದ್ದರು. ಇವರಿಗೂ ನಮ್ಮಷ್ಟೇ ಮಜಾ ಬರುತ್ತಿದೆ ಎಂದು ನಾವು ತಿಳಿದೆವು. ಹೀಗೆ ಆರೇಳು ತಿಂಗಳು ಪ್ರತಿ ಶುಕ್ರವಾರ ನಡೆಯಿತು. ಮೀನು ಸಾರು, ಕುಚ್ಚಲಕ್ಕಿ ಅನ್ನ, ಆಮೇಲೆ ಪುಕ್ಕಲ ಸೇನಾಪತಿ. ಗುರುವಾರವೇ ವಾಸಣ್ಣ ಹೊಸ ಮಾತುಗಳನ್ನು ಯೋಚಿಸಿ ಇಟ್ಟುಕೊಳ್ಳುತ್ತಿದ್ದರು. ಇಡೀ ಸಿನಿಮಾ ನೋಡುವುದನ್ನೇ ಬಿಟ್ಟು ನೇರವಾಗಿ ಆ ಜಾಗಕ್ಕೇ ಓಡಿಸುವ ಮಟ್ಟಕ್ಕೆ ಬಂದಿದ್ದೆವು.

ನಡುವೆ ಒಮ್ಮೆ ಚೋ ಆಫೀಸಿಗೆ ಬಂದು ಕ್ಯಾಸೆಟ್ಟನ್ನು ಎರಡು ಕೈಯಿಂದ ನನ್ನ ಮುಂದೆ ಚಾಚಿದರು. ಬೇಸಗೆ ಶುರುವಾಗುವ ಮೊದಲು ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ, ನನ್ನ ತಾಯಿಗೆ ಈ ಸಿನಿಮಾ ತೋರಿಸಬೇಕು, ಇಷ್ಟು ವರ್ಷ ಅವಳು ಬೇಡವೆಂದಳು, ಈಗ ತಾ ಎನ್ನುತ್ತಿದ್ದಾಳೆ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದರು. "ಟೇಪ್ ಓಲ್ಡ್, ಮಿಸ್ಟರ್ ರಘು. ವನ್ ನೋ ಗುಡ್. ಟೂ ಗುಡ್" ಎಂದರು. ಒಂದು ಕಾಪಿ ಮಾಡಿಸಿಕೊಡಬೇಕಿತ್ತು. ನಾನು ದಿನಾ ಹೋಗಿ ಬರುವ ದಾರಿಯಲ್ಲೇ ಒಬ್ಬ ಮಲಯಾಳಿಯ ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿಗೆ ಕೊಟ್ಟರೆ ಎರಡು ದಿನದ ಕೆಲಸ.

ಬುಕ್ರಾ ಎಂದೆ. ಅರಬ್ಬಿಯಲ್ಲಿ ನಾಳೆ ಎಂದರ್ಥ. ಸರಕಾರಿ ಕಚೇರಿಗಳ ಕಿಟಕಿಗಳಲ್ಲಿ ಈ ಮಾತನ್ನು ಕೇಳಿ ಕೇಳಿ ರೋಸಿಹೋದವನು ನಾನು. ಆ ರೋಗ ಯಾವಾಗ ನನಗೇ ಅಂಟಿತೋ ಗೊತ್ತಾಗಲಿಲ್ಲ. ಕ್ಯಾಸೆಟ್ ನನ್ನ ಡ್ರಾಯರಿನಲ್ಲಿ ಒಂದು ವಾರ ಕೂತು, ಶುಕ್ರವಾರ ಮನೆಗೆ ಬಂದು, ಚೋ ಅವರ ಕೈಗೇ ವಾಪಸು ಹೋಯಿತು. ಅವರು ಮತ್ತೆ ಎರಡು ಸಲ ನೆನಪಿಸಿದರು. ಎರಡು ಸಲವೂ ಬುಕ್ರಾ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ, ನನಗೂ ನಿರಾಳವಾಯಿತು. ಅಷ್ಟೇ ಅಲ್ಲ, ಕೊರಿಯಾದ ಮುದುಕಿಗೆ ಕುದುರೆಯ ಹುಚ್ಚು ಎಂದು ವಾಸಣ್ಣನಿಗೆ ಹೇಳಿದ್ದೂ ನಾನೇ. ಅವರು ಅದನ್ನೂ ಸೇರಿಸಿಕೊಂಡು ಒಂದು ಶುಕ್ರವಾರ ಭರ್ಜರಿಯಾಗಿ ಅರ್ಥ ಹೇಳಿದರು. ಆ ಮುದುಕಿ ಸೇನಾಪತಿಯನ್ನು ಬೈಯುತ್ತ ಕುದುರೆಗೆ ಸಮಾಧಾನ ಹೇಳುವ ಪ್ರಸಂಗ ಅದು. ಮಗನ ಎದುರಿನಲ್ಲಿ, ಅವರು ಕೊಟ್ಟ ಬಿಸ್ಕತ್ತು ತಿನ್ನುತ್ತ, ನಾವು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಅದಾಗಿ ಎರಡು ವಾರಕ್ಕೆ ಪರದೆಯಲ್ಲಿ ಗೆರೆಗಳು ಬಂದವು. ಕುದುರೆ ಓಡಿ ಬಂತು, ಹೀರೋ ಪಿಸ್ತೂಲು ಎತ್ತಿದ, ಅಷ್ಟಕ್ಕೆ ಬಿಳಿ ಚುಕ್ಕೆಗಳ ಬಿರುಗಾಳಿ. ಅದು ಕಳೆಯುವಾಗ ಕುದುರೆ ಒಂಟಿಯಾಗಿ ಓಡುತ್ತಿತ್ತು. ಮಂಜುನಾಥ ತನ್ನ ಮೆಶಿನ್ ಕೆಟ್ಟಿತೆಂದು ಗಾಬರಿಯಾಗಿ ಮುಚ್ಚಳ ಬಿಚ್ಚಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಟೇಪ್ ಓದುವ ಹೆಡ್ ಒರೆಸಿದ. ಬೇರೆ ಕ್ಯಾಸೆಟ್ ಹಾಕಿದರೆ ಕನ್ನಡಿಯ ಹಾಗೆ ಕಾಣುತ್ತಿತ್ತು. ಇದನ್ನು ಹಾಕಿದರೆ ಅದೇ ಜಾಗದಲ್ಲಿ ಬಿರುಗಾಳಿ. "ಹೆಡ್ ಚಲೋ ಐತಿ. ಟೇಪ್ ಅಷ್ಟು ಜಾಗದಾಗ ಸವದೈತಿ, ನಾವು ಅಲ್ಲೇ ನಿಲ್ಲಿಸ್ತಿದ್ವಲ್ರೀ" ಎಂದು ಮಂಜುನಾಥ ಮೆಲ್ಲಗೆ ಹೇಳಿದ. ಟೇಪು ನಿಂತಿದ್ದರೂ ಒಳಗಿನ ಹೆಡ್ ಅದನ್ನು ಉಜ್ಜುತ್ತಲೇ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು.

ಚೋ ಕ್ಯಾಸೆಟ್ ಹೊರಗೆ ತೆಗೆದು, ಹೆಬ್ಬೆರಳಿನಿಂದ ಮುಚ್ಚಳ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಂತ್ರದ ಕೆಲಸ ಮಾಡಿದವರ ನೋಟ ಅದು, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಟಿವಿಯ ಕಡೆ ಬೆರಳು ಮಾಡಿ, "ದಿಸ್ ಮ್ಯಾನ್ ಮೈ ಬ್ರದರ್. ಬಿಗ್ ಬ್ರದರ್" ಎಂದರು.

ಅವರು ಇಂಗ್ಲಿಷ್, ಹಿಂದಿ, ಅರಬ್ಬಿ ಸೇರಿಸಿ ತುಂಡು ತುಂಡಾಗಿ ಹೇಳಿದರು. ಅಣ್ಣ ಸಿನಿಮಾಗಳಲ್ಲಿ ಕುದುರೆಯಿಂದ ಬೀಳುವ ಕೆಲಸ ಮಾಡುತ್ತಿದ್ದ. ತಾಯಿಗೆ ಅದು ಸರಿಬರುತ್ತಿರಲಿಲ್ಲ. ಇದಾದ ಮೇಲೆ ಇನ್ನೊಂದು ಸಿನಿಮಾದಲ್ಲಿ ಬಿದ್ದವನು ಏಳಲಿಲ್ಲ. ಆ ಸಿನಿಮಾ ಅರ್ಧಕ್ಕೇ ನಿಂತುಹೋಯಿತು, ಇದೊಂದೇ ಉಳಿದದ್ದು. ಮಗ ಬೀಳುವುದನ್ನು ನಾನು ನೋಡುವುದಿಲ್ಲ ಎಂದು ತಾಯಿ ಹಟ ಹಿಡಿದಿದ್ದಳು. ಈಗ ಎಂಬತ್ತು ದಾಟಿದೆ, ಅವನು ಕುದುರೆ ಮೇಲೆ ಹೇಗೆ ಕಾಣುತ್ತಿದ್ದನೆಂದು ಒಮ್ಮೆ ನೋಡಿ ಸಾಯುತ್ತೇನೆ ಎನ್ನುತ್ತಿದ್ದಾಳೆ. ನನ್ನ ಎಡ ಮೊಣಕೈ ಆವತ್ತು ವಿನಾಕಾರಣ ನೋಯತೊಡಗಿತು.

ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ. ಚೋ, "ಕೊರಿಯಾ ಸಿನಿಮಾ, ಆಲ್ ಪೀಪಲ್ ಲುಕ್ ಹೀರೋ. ನೋಬಡಿ ಲುಕ್ ಬ್ರದರ್. ಹಿಯರ್, ಎವ್ರಿ ಫ್ರೈಡೇ, ಎವ್ರಿಬಡಿ ಲುಕ್ ಬ್ರದರ್" ಎಂದರು. ಆಮೇಲೆ ವಾಸಣ್ಣನ ಕಡೆ ತಿರುಗಿ, ನೀವು ಅವನಿಗಾಗಿ ಅಷ್ಟು ಹೊತ್ತು ಮಾತಾಡುತ್ತೀರಲ್ಲ, ಏನು ಹೇಳುತ್ತೀರಿ ಎಂದು ಕೇಳಿದರು.

ಯಾವ ಸಭೆಯಲ್ಲೂ ಎದುರಾಳಿಯ ಪ್ರಶ್ನೆಗೆ ಉತ್ತರವಿಲ್ಲದೆ ಕೂತವರಲ್ಲ ವಾಸಣ್ಣ. ಆವತ್ತು ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ನಡುವೆ ಬಾಯಿ ಹಾಕಿ, ನಿಮ್ಮ ಅಣ್ಣ ಬಹಳ ಶೂರ, ಒಳ್ಳೆಯ ಮಗ, ಅವನಂಥವರು ಇಲ್ಲ, ಹೀಗೆಲ್ಲ ಹೇಳುತ್ತಾರೆ ಎಂದೆ. ಚೋ ಎದ್ದು ನಿಂತು ವಾಸಣ್ಣನಿಗೆ ಸೊಂಟದವರೆಗೆ ಬಾಗಿ ವಂದಿಸಿದರು. ವಾಸಣ್ಣ ಗೋಡೆ ನೋಡುತ್ತಿದ್ದರು.

ಚೋ ಅವರಿಂದ ಕ್ಯಾಸೆಟ್ ಕೇಳಿ ಇಸಿದುಕೊಂಡು ಮರುದಿನ ಬೆಳಿಗ್ಗೆಯೇ ಆ ಮಲಯಾಳಿಯ ಅಂಗಡಿಗೆ ಹೋದೆ. ಬುಕ್ರಾ ಎನ್ನಲು ಇನ್ನು ಏನೂ ಉಳಿದಿರಲಿಲ್ಲ. ಅವನು ಟೇಪ್ ಎಳೆದು ನೋಡಿ, ಕತ್ತರಿಸಿ ಅಂಟಿಸಿದರೆ ಸಿನಿಮಾ ಸಲೀಸಾಗಿ ಓಡುತ್ತದೆ, ಆದರೆ ಸವೆದ ತುಂಡು ಹೋಗುತ್ತದೆ, ಸಣ್ಣ ತುಂಡು, ನೋಡುವವರಿಗೆ ಗೊತ್ತೇ ಆಗುವುದಿಲ್ಲ ಎಂದ. ಒಂದೆರಡು ತಿಂಗಳ ಹಿಂದೆ ತಂದಿದ್ದರೆ ಚೆನ್ನಾದ ಕಾಪಿ ಮಾಡಿಕೊಡಬಹುದಿತ್ತು ಎಂದೂ ಸೇರಿಸಿದ. ಚೋ ಅವರಿಗೆ ಹೇಳಿದಾಗ ಅವರು ತಲೆಯಾಡಿಸಿ, ನೋ ಕಟ್ ಎಂದಷ್ಟೇ ಹೇಳಿ ಕ್ಯಾಸೆಟ್ ಬಟ್ಟೆಯಲ್ಲಿ ಸುತ್ತಿಕೊಂಡರು.

ವಾಸಣ್ಣ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಬುಧವಾರ ಪಾತ್ರೆ ತೊಳೆಯುತ್ತ ನಿಂತಿದ್ದಾಗ ಹಿಂದೆ ತಿರುಗದೆಯೇ, "ನೀನು ಸುಳ್ಳು ಹೇಳಿದಿ. ಈಗ ಅದನ್ನು ನಾನು ಸತ್ಯ ಮಾಡ್ಬೇಕಲ್ಲ ಮಾರಾಯ" ಎಂದರು. ಚೋ ಅವರ ಟಿಕೆಟು ಭಾನುವಾರಕ್ಕೆ ಆಗಿತ್ತು. ವೀಸಾ ರದ್ದತಿಯ ಕಾಗದಕ್ಕೆ ಅವರು ಕೆಂಪು ಮುದ್ರೆ ಒತ್ತಿದ್ದು ಆ ಬುಧವಾರವೇ, ನನ್ನ ಮೇಜಿನ ಮೇಲೆಯೇ. ಬೇಡ ಎಂದು ನಾನು ಈ ಸಲ ಹೇಳಲಿಲ್ಲ.

ಕೊನೆಯ ಶುಕ್ರವಾರ ಅವರು ಬರುವುದಿಲ್ಲವೆಂದು ತಿಳಿದಿದ್ದೆ. ಬಂದರು. ಅದೇ ಬಿಸ್ಕತ್ತಿನ ಡಬ್ಬ, ಅದೇ ರೀತಿ ತಿರುಗಿಸಿಟ್ಟ ಬೂಟು. ವಾಸಣ್ಣ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು, ಟ್ರಂಕಿನ ತಳದಲ್ಲಿದ್ದ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡಿದ್ದರು. ಊರಿನ ಸಭೆಗಳಲ್ಲಿ ಸನ್ಮಾನಕ್ಕೆ ಕೊಟ್ಟ ಶಾಲು ಅದು. ಮಂಜುನಾಥ ಮೆಶಿನ್ ಜೋಡಿಸಿಕೊಟ್ಟು ಬಾಗಿಲ ಹತ್ತಿರ ನಿಂತ.

"ಅಲ್ಲಿಗೆ ಮುಟ್ಟುವ ಮೊದಲೇ ಬಂದ್ ಮಾಡು. ಇನ್ನು ತೇಯುದು ಬೇಡ" ಎಂದರು ವಾಸಣ್ಣ.

ಕುದುರೆ ದೂರದಲ್ಲಿ ಕಾಣಿಸಿತು. ದೊಡ್ಡ ಹ್ಯಾಟು, ಕಪ್ಪು ಅಂಗಿ, ಬೆನ್ನು ನೆಟ್ಟಗೆ. ಆರೇಳು ತಿಂಗಳು ನೋಡಿದ್ದರೂ ಅವನು ಅಷ್ಟು ಚೆನ್ನಾಗಿ ಸವಾರಿ ಮಾಡುತ್ತಿದ್ದನೆಂದು ನನ್ನ ಗಮನಕ್ಕೆ ಬಂದದ್ದು ಆವತ್ತೇ. ಹೀರೋ ಪಿಸ್ತೂಲಿಗೆ ಕೈ ಹಾಕಿದ. ನಾನು ಬಂದ್ ಮಾಡಿದೆ. ಪರದೆ ನೀಲಿಯಾಯಿತು.

ವಾಸಣ್ಣ ಆ ನೀಲಿಯ ಪಕ್ಕದಲ್ಲಿ ನಿಂತರು. ತಾಳಮದ್ದಳೆಯಲ್ಲಿ ಯಾರೂ ನಿಂತು ಮಾತಾಡುವುದಿಲ್ಲ, ಅವರು ನಿಂತರು. ಶೂರರ ಮಾತಿನಿಂದಲೇ ಶುರು ಮಾಡಿದರು. ನನ್ನ ಹೆಸರು ಈ ನಾಟಕದಲ್ಲಿ ಯಾರೂ ಹೇಳಲಿಲ್ಲ, ನನಗೆ ಒಂದು ಮಾತನ್ನೂ ಕೊಡಲಿಲ್ಲ, ಆದರೂ ನಾನು ಬಾರದೆ ಹೋಗಿದ್ದರೆ ಆ ರಾಜಕುಮಾರನ ಶೌರ್ಯ ಯಾರ ಮೇಲೆ ಎಂದು ಕೇಳಿದರು. ನೋಡುವವರು ನಗಲಿ ಎಂದೇ ಬಿದ್ದವನು ನಾನು, ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ ಎಂದರು. ಕಾಗದದ ಹ್ಯಾಟಿನ ವಿಷಯವೂ ಬಂತು, ಅದನ್ನು ಅವರು ಮೊದಲ ದಿನವೇ ಕೇಳಿ ನೆನಪಿಟ್ಟುಕೊಂಡಿದ್ದರು. ಭೂಮಿಯೇ ತಡೆ ಎಂಬ ಹಳೆಯ ಮಾತಿಗೆ ಬಂದರು. ನಾವೆಲ್ಲ ನಕ್ಕಿದ್ದ ಮಾತು ಅದು. ಆಮೇಲೆ ಅರ್ಥಧಾರಿಯ ಭಾಷೆಯನ್ನೇ ಬಿಟ್ಟು, ಮನೆಯಲ್ಲಿ ಮಾತಾಡುವಂತೆ, "ಅಮ್ಮಾ, ನಾನಿನ್ನೂ ನೆಲ ಮುಟ್ಲಿಲ್ಲ" ಎಂದರು. ಶಾಲಿನಲ್ಲಿ ಮುಖ ಒರೆಸಿಕೊಂಡು ಕೂತುಬಿಟ್ಟರು.

ಚೋ ಅವರಿಗೆ ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ. ಅವರು ಎದ್ದು, ಟಿವಿಯ ಕಡೆ ತಿರುಗಿ, ಮಂಡಿಯೂರಿ, ಎರಡೂ ಅಂಗೈ ನೆಲಕ್ಕಿಟ್ಟು ಹಣೆ ತಾಗುವ ಹಾಗೆ ಬಾಗಿದರು. ಎದ್ದು ನಿಂತು ಮತ್ತೊಮ್ಮೆ ಬಾಗಿದರು. ಆಮೇಲೆ ಕ್ಯಾಸೆಟ್ ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿ, ನಮ್ಮ ಮೂವರ ಕೈಯನ್ನೂ ಹಿಡಿದು ಹೊರಟರು. ಬೂಟು ಹಾಕಿಕೊಳ್ಳುವಾಗ ನಾನು ಕ್ಷಮಿಸಿ ಎನ್ನಬೇಕೆಂದಿದ್ದೆ. ಮಾಫಿ ಮುಶ್ಕಿಲ್, ತೊಂದರೆಯಿಲ್ಲ ಎಂದು ಅವರೇ ಮೊದಲು ಹೇಳಿ ನನ್ನ ಬಾಯಿ ಕಟ್ಟಿಬಿಟ್ಟರು.

ಆಮೇಲೆ ಶುಕ್ರವಾರಗಳು ಬೇಗ ಕೆಟ್ಟವು. ಮಂಜುನಾಥ ಮದುವೆಗೆ ಊರಿಗೆ ಹೋಗುವಾಗ ಆ ವಿಸಿಆರ್ ಒಯ್ಯಲಿಲ್ಲ, ಹೊಸದೊಂದನ್ನು ಕೊಂಡ. ಹಳೆಯದು ಪೆಟ್ಟಿಗೆಯಲ್ಲೇ ಉಳಿಯಿತು, ನಾವೂ ಅದನ್ನು ತೆರೆಯಲಿಲ್ಲ. ವಾಸಣ್ಣ ಅರ್ಥ ಹೇಳುವುದನ್ನು ಬಿಟ್ಟರು. ಇಲ್ಲಿಯ ನಮ್ಮ ಊರಿನವರು ಸೇರಿ ತಾಳಮದ್ದಳೆ ಇಟ್ಟುಕೊಂಡು ಕರೆದಾಗಲೂ, ಗಂಟಲು ಸರಿ ಇಲ್ಲ ಎಂದರು.

ವರ್ಷ ಕಳೆಯುವ ಹೊತ್ತಿಗೆ ಆಫೀಸಿನ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಪತ್ರವಿರಲಿಲ್ಲ, ಒಂದು ಫೋಟೋ ಮಾತ್ರ. ಟಿವಿಯ ಮುಂದೆ ನೆಲದಲ್ಲಿ ಒಬ್ಬ ಮುದುಕಿ, ಬೆನ್ನು ಗೂನು, ಬಿಳಿ ಕೂದಲನ್ನು ಬಾಚಿ ಕಟ್ಟಿದ್ದಾಳೆ. ಮುಂದಕ್ಕೆ ಬಾಗಿ ಒಂದು ಕೈಯನ್ನು ಪರದೆಯ ಮೇಲೆ ಇಟ್ಟಿದ್ದಾಳೆ. ಪರದೆ ಪೂರ್ತಿ ಬೆಳ್ಳಗಿದೆ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಮಗುವಿನ ಅಕ್ಷರದಂತೆ, ಮದರ್ ಸೀ ಹಿಮ್ ಎಂದು ಬರೆದು, ಪಕ್ಕದಲ್ಲಿ ಕೆಂಪು ಮುದ್ರೆ ಒತ್ತಿದ್ದರು.

ಫೋಟೋ ತೆಗೆಯುವಾಗ ಕ್ಯಾಮರಾದ ಬೆಳಕು ಗಾಜಿಗೆ ಬಡಿದು ಪರದೆ ಬೆಳ್ಳಗಾಗಿತ್ತೋ, ಅಥವಾ ನಾನು ಸವೆಸಿದ ಜಾಗವೇ ಅದೋ, ತಿರುಗಿಸಿ ತಿರುಗಿಸಿ ನೋಡಿದರೂ ಗೊತ್ತಾಗಲಿಲ್ಲ. ಮನೆಗೆ ಒಯ್ದು ವಾಸಣ್ಣನಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದು ಫ್ಲ್ಯಾಶ್ ಬಿದ್ದದ್ದು. ಅಲ್ಲವಾ?" ಎಂದರು. ಹೌದು ವಾಸಣ್ಣ, ಫ್ಲ್ಯಾಶೇ, ಸರಿಯಾಗಿ ಕಾಣುತ್ತದಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ, ಆವತ್ತು ಸರಿಯಾಗಿ ಊಟ ಮಾಡಿದರು.

ಅದು ಆ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು. ಅದನ್ನು ಸತ್ಯ ಮಾಡಲು ಈಗ ವಾಸಣ್ಣನೂ ಇಲ್ಲ.